ಆಲ್ಟರ್ನೇಟರ್ ಹೋಗಿದೆ ಅಂದ ತಕ್ಷಣ ಜೇಬಿಗೆ ಕೈ ಹಾಕ್ಬೇಡಿ



ಈ ಸಲ ಟೊಮೇಟೊ ತೋಟದ ಮೋಹಕ ಬಲೆ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರಲಿ. ಈಗ ಹೊಟ್ಟೆ ಉರೀತಿರೋದು ಬೇರೆ ವಿಷಯಕ್ಕೆ. ಹದಿನೈದು ದಿನದೊಳಗೆ ನಮ್ಮ ಓಮ್ನಿ ಗಾಡಿ ಹೆಸರಲ್ಲಿ 4,200 ರೂಪಾಯಿ ದಂಡವಾಗಿ ಹೋಯ್ತು. ಇನ್ನೊಂದು 6,500 ಹೋಗೋದರಲ್ಲಿತ್ತು. ಒಂದು ರಾತ್ರಿ ಲೋಡು ಸಮೇತ ರಸ್ತೆ ಮೇಲೆ ನಿಂತಿದ್ದೂ ಆಯ್ತು. ಕೊನೆಗೆ ಕೆಟ್ಟಿದ್ದು ಏನು ಅಂತ ಬಿಚ್ಚಿ ನೋಡಿದರೆ, ಕಿರುಬೆರಳಿನ ಉಗುರಿನಷ್ಟು ದಪ್ಪದ ಇಂಗಾಲದ ಎರಡು ತುಂಡು. ಬೆಲೆ 120 ರೂಪಾಯಿ.

ನೇರವಾಗಿ ಹೇಳ್ಬಿಡ್ತೀನಿ. ನನ್ನ ಜಗಳ ಇಬ್ಬರ ಮೇಲೆ. ಅಳತೆ ಮಾಡದೆ, ಬಿಚ್ಚದೆ, ಬರೀ ಅಂದಾಜಿನ ಮೇಲೆ ಸಾಮಾನು ಬದಲಾಯಿಸೋ ಅಂಗಡಿಯವರ ಮೇಲೆ ಒಂದು. ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಹಳೇ ಸಾಮಾನನ್ನ ಅಲ್ಲೇ ಬಿಟ್ಟು ಬರೋ ನಮ್ಮ ಮೇಲೆ ಇನ್ನೊಂದು. ಎರಡನೇದರಲ್ಲಿ ನಾನೂ ಇದ್ದೀನಿ, ಅದಕ್ಕೇ ಜಾಸ್ತಿ ಸಿಟ್ಟು.

ನಮ್ಮ ಗಾಡಿ 2007ರ ಮಾಡಲ್ಲು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷಕ್ಕೆ ಎಳೆದಿದ್ದೀನಿ. ಹಿಂದಿನ ಸೀಟು ತೆಗೆದರೆ ಹದಿನೈದು ಕೆಜಿ ಬಾಕ್ಸು ಇಪ್ಪತ್ತೈದು ಹಿಡಿಸುತ್ತೆ. ನಮ್ಮ ಕಡೆ ಓಮ್ನಿ ಅಂದ್ರೆ ಏನು ಅಂತ ನಿಮಗೆ ಹೇಳ್ಬೇಕಾ? ಟೊಮೇಟೊ ಕೋಲಾರದ ಮಂಡಿಗೆ ಹೋಗೋದು ಅದರಲ್ಲೇ, ಹೆರಿಗೆಗೆ ಹೋಗೋದು ಅದರಲ್ಲೇ, ಮದುವೆಗೆ ಪಾತ್ರೆ ತರೋದೂ ಅದರಲ್ಲೇ. ಕಂಪನಿಯವರು 2019ರಲ್ಲಿ ಮಾಡೋದೇ ನಿಲ್ಲಿಸಿದರು. ಇನ್ಮೇಲೆ ಇರೋದನ್ನೇ ಬಾಳಿಸಬೇಕು.

ಶುರುವಾಗಿದ್ದು ಕೆಂಪು ಲೈಟಿಂದ. ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಚಿತ್ರ ಇರುತ್ತಲ್ಲ, ಅದು ಗುಂಡಿಗೆ ಚಕ್ರ ಬಿದ್ದಾಗ ಮಿಣುಕ್ ಅಂತ ಬರೋದು, ಹೋಗೋದು. ಯಾವುದೋ ವೈರು ಲೂಸು ಅಂತ ಸುಮ್ಮನಾದೆ. ಎರಡು ವಾರ ಸುಮ್ಮನಾದೆ. ಇದು ನನ್ನ ತಪ್ಪು, ಬೇರೆ ಯಾರದೂ ಅಲ್ಲ. ಆಮೇಲೆ ಒಂದು ಬೆಳಗ್ಗೆ ಸೆಲ್ಫು ಹೊಡೆದರೆ ಟಕ್ ಟಕ್ ಅಂತು, ಅಷ್ಟೆ. ಹುಡುಗರನ್ನ ಕರೆದು ತಳ್ಳಿಸಿ ಪಟ್ಟಣಕ್ಕೆ ತಗೊಂಡು ಹೋದೆ. ಬ್ಯಾಟರಿ ಅಂಗಡಿಯವನು ಮುಚ್ಚಳ ಮುಟ್ಟಿ ನೋಡಿ, 'ಸೆಲ್ ಡೌನ್ ಆಗೈತೆ ಸಾರ್, ಹೋಯ್ತು' ಅಂದ. ಮೀಟರು ಇಡಲಿಲ್ಲ. ಚಾರ್ಜಿಗೆ ಹಾಕಿ ಮಾರನೇ ದಿನ ನೋಡೋಣ ಅನ್ನಲಿಲ್ಲ. ಹಳೇದನ್ನ ತೂಕಕ್ಕೆ ಹಾಕಿಕೊಂಡು ಹೊಸದು ಕೂರಿಸಿ 4,200 ಇಸ್ಕೊಂಡ. ಎರಡೂವರೆ ವರ್ಷದ ಬ್ಯಾಟರಿ ಅದು. ಅದು ನಿಜವಾಗ್ಲೂ ಹೋಗಿತ್ತೋ, ಬರೀ ಹಸಿದಿತ್ತೋ ಅಂತ ಈಗ ಹೇಗೆ ಹೇಳ್ಲಿ? ಅಲ್ಲೇ ಬಿಟ್ಟು ಬಂದ್ನಲ್ಲ.

ಎಂಟು ದಿನ ಗಾಡಿ ಚೆನ್ನಾಗಿ ಓಡಿತು. ಹೊಸ ಬ್ಯಾಟರಿ ಹೊಟ್ಟೆ ತುಂಬಿಕೊಂಡೇ ಬಂದಿರುತ್ತೆ, ಅದನ್ನ ತಿಂದುಕೊಂಡು ಓಡಿತು ಅಷ್ಟೆ. ಒಂಬತ್ತನೇ ರಾತ್ರಿ ಬೆಳಗಿನ ಜಾವ ಮೂರೂವರೆಗೆ, ಶ್ರೀನಿವಾಸಪುರ ದಾಟಿ ಕೋಲಾರದ ಕಡೆ ಹೋಗ್ತಿದ್ದೆ. ಹೆಡ್‌ಲೈಟು ಮೊದಲು ಹಳದಿ ಆಯ್ತು, ಆಮೇಲೆ ಬೀಡಿ ಕೆಂಡದ ಥರ ಆಯ್ತು, ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯ್ತು. ಹಳೇ ಕಾರ್ಬುರೇಟರ್ ಗಾಡಿ ಆಗಿದ್ದರೆ ಇನ್ನೂ ಸ್ವಲ್ಪ ದೂರ ಎಳೀತಿತ್ತೇನೋ. ನಮ್ಮದು ಇಂಜೆಕ್ಷನ್ ಗಾಡಿ, ಪೆಟ್ರೋಲು ಎತ್ತೋದಕ್ಕೂ ಕರೆಂಟೇ ಬೇಕು. ಪಕ್ಕದಲ್ಲಿ ಮಗ ಇದ್ದ. ಇಬ್ಬರೂ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಕೂತೆವು. ಹಿಂದೆ ಬರೋ ಲಾರಿಗೆ ನಮ್ಮ ಗಾಡಿ ಕಾಣಿಸದೆ ಬಂದು ಗುದ್ದಿದರೆ ಅನ್ನೋ ಭಯ ಒಂದು ಕಡೆ, ಹರಾಜು ತಪ್ಪುತ್ತೆ ಅನ್ನೋ ಸಂಕಟ ಇನ್ನೊಂದು ಕಡೆ. ಬೆಳಕು ಹರಿದ ಮೇಲೆ ಗೊತ್ತಿರೋರ ಟೆಂಪೋ ಬಂತು, ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ. ಮಂಡಿ ಸೇರೋ ಹೊತ್ತಿಗೆ ನಮ್ಮ ಸಾಲಿನ ಹರಾಜು ಮುಗಿದಿತ್ತು. ಬಾಕ್ಸಿಗೆ ಅರವತ್ತು ರೂಪಾಯಿ ಕಮ್ಮಿಗೆ ಕೊಟ್ಟೆ. ಇಪ್ಪತ್ತೈದು ಬಾಕ್ಸಿಗೆ ಲೆಕ್ಕ ಹಾಕಿಕೊಳ್ಳಿ. 2023ರ ಜುಲೈಯಲ್ಲಿ ಬಾಕ್ಸು ಎರಡು ಸಾವಿರ ದಾಟಿದ್ದಾಗ ಹೀಗೆ ಆಗಿದ್ದರೆ ಎದೆ ಒಡೆದು ಹೋಗ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅಲ್ಲೇ ಹತ್ತಿರದ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿಗೆ ತೋರಿಸಿದೆ. ಹುಡುಗ ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿದ. ವೈರು ತೆಗೆದ. ಎಂಜಿನ್ ಓಡ್ತಿರೋವಾಗಲೇ ನಮ್ಮ ಬ್ಯಾಟರಿಯ ಮೈನಸ್ ಟರ್ಮಿನಲ್ ಫಟ್ ಅಂತ ಕಿತ್ತ. ಎಂಜಿನ್ ನಿಂತಿತು. 'ನೋಡಿದ್ರಾ, ಆಲ್ಟರ್ನೇಟರ್ ಸತ್ತೋಗೈತೆ. ಹೊಸದು 6,500, ಮಧ್ಯಾಹ್ನಕ್ಕೆ ಕೂರಿಸಿ ಕೊಡ್ತೀನಿ. ಹಳೇದು ಬಿಟ್ಟೋಗಿ, ಸ್ಕ್ರ್ಯಾಪು.'

ಈ ಟರ್ಮಿನಲ್ ಕಿತ್ತು ನೋಡೋ ಚಾಳಿ ಇದೆಯಲ್ಲ, ಇದನ್ನ ನಿಮ್ಮ ಗಾಡಿ ಮೇಲೆ ಯಾರಿಗೂ ಮಾಡೋಕೆ ಬಿಡಬೇಡಿ. ಆ ಹುಡುಗನ ತಪ್ಪಲ್ಲ, ಅವನ ಗುರು ಹೇಳಿಕೊಟ್ಟಿದ್ದು, ಅವನ ಗುರುವಿನ ಗುರು ಹೇಳಿಕೊಟ್ಟಿದ್ದು. ಆಲ್ಟರ್ನೇಟರ್ ಬರೋಕೆ ಮುಂಚೆ ಡೈನಮೋ ಇದ್ದ ಕಾಲದಲ್ಲಿ ಹೀಗೆ ನೋಡ್ತಿದ್ದರಂತೆ. ಈಗಿನ ಗಾಡಿಗೆ ಇದು ವಿಷ. ಬ್ಯಾಟರಿ ಅನ್ನೋದು ಕರೆಂಟಿಗೆ ಕೆರೆ ಇದ್ದ ಹಾಗೆ. ಆಲ್ಟರ್ನೇಟರ್ ಕಡೆಯಿಂದ ಜೋರಾಗಿ ಬರೋದನ್ನ ಅದು ತಡೆದು ಹಿಡ್ಕೊಳ್ಳುತ್ತೆ. ಚಾರ್ಜು ಆಗ್ತಿರೋವಾಗ ಕೆರೇನೇ ಕಿತ್ತು ಹಾಕಿದರೆ ಆ ನೀರೆಲ್ಲ ಒಂದೇ ಸಲ ಕಾಲುವೆಗೆ ನುಗ್ಗುತ್ತೆ. ಕಣ್ಣು ಮುಚ್ಚಿ ತೆರೆಯೋದರೊಳಗೆ ವೋಲ್ಟೇಜು ಹತ್ತಾರು ವೋಲ್ಟ್ ಏರಿ, ಆಲ್ಟರ್ನೇಟರಿನ ರೆಗ್ಯುಲೇಟರ್ರು, ಡಯೋಡು, ಇಂಜೆಕ್ಷನ್ ಗಾಡಿ ಆದರೆ ಕಂಪ್ಯೂಟರ್ ಡಬ್ಬಿ ಸಮೇತ ಸುಡಬಹುದು. ಅಂದ್ರೆ ಚೆನ್ನಾಗಿರೋ ಆಲ್ಟರ್ನೇಟರ್ ಕೂಡ ಪರೀಕ್ಷೆ ಮಾಡೋ ನೆಪದಲ್ಲೇ ಸಾಯಬಹುದು. ನಾವು ಆಗ ದುಡ್ಡು ಕೊಡೋದು ಪರೀಕ್ಷೆ ಮಾಡಿದವನಿಗೇ!

ಅವನು ಹೇಳಿದ್ದು ಅರ್ಧ ಸರಿ ಅಂತ ಒಪ್ಕೋತೀನಿ. ಆಲ್ಟರ್ನೇಟರ್ ಚಾರ್ಜು ಮಾಡ್ತಿರಲಿಲ್ಲ, ಅದು ನಿಜ. ಆದರೆ ಯಾಕೆ ಮಾಡ್ತಿಲ್ಲ? ಹಸು ಹಾಲು ಕೊಡಲ್ಲ ಅಂದ ತಕ್ಷಣ ಹಸು ಸತ್ತಿದೆ ಅಂತೀವಾ?

ಹೊಸದು ಬೇಡ ಅಂದೆ. ಮಂಡಿ ಹತ್ತಿರ ಒಬ್ಬರ ಹತ್ತಿರ ಮೂರು ನಾಲ್ಕು ಗಂಟೆ ಬ್ಯಾಟರಿ ಚಾರ್ಜು ಮಾಡಿಸಿ, ಹಗಲಲ್ಲೇ ಲೈಟು, ಹಾರನ್ನು ಏನೂ ಹಾಕದೆ ಊರು ಸೇರಿದೆ. ಲೆಕ್ಕ ಸುಲಭ. ಎರಡು ಹೆಡ್‌ಲೈಟು ಸೇರಿ ಸುಮಾರು 120 ವ್ಯಾಟ್, 12 ವೋಲ್ಟಿಗೆ 10 ಆಂಪಿಯರ್. ಬ್ಯಾಟರಿ 35 ಆಂಪಿಯರ್ ಅವರ್. ಲೈಟು ಹಾಕದಿದ್ದರೆ ಮನೆ ಸೇರಬಹುದು, ಹಾಕಿದರೆ ನಡು ದಾರಿ.

ಮನೇಲಿ ಒಂದು ಮೀಟರು ಇದೆ, ಮಗ ಡ್ರಿಪ್ಪಿನ ಟೈಮರ್ ರಿಪೇರಿಗೆ ಅಂತ 350 ರೂಪಾಯಿ ಕೊಟ್ಟು ತಂದಿದ್ದು. ಅದನ್ನ 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಯ ಎರಡು ಕಡೆಗೆ ಇಟ್ಟೆ. ಈ ಅಂಕಿಗಳನ್ನ ದನದ ಕೊಟ್ಟಿಗೆ ಗೋಡೆ ಮೇಲಾದರೂ ಬರೆದಿಟ್ಟುಕೊಳ್ಳಿ. ಗಾಡಿ ನಿಂತು ರಾತ್ರಿ ಕಳೆದ ಮೇಲೆ ತುಂಬಿದ ಬ್ಯಾಟರಿ 12.6 ತೋರಿಸಬೇಕು. 12.0ಕ್ಕೆ ಬಂದಿದೆ ಅಂದ್ರೆ ಹೆಚ್ಚುಕಮ್ಮಿ ಖಾಲಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟರೆ 13.8ರಿಂದ 14.4ರ ಒಳಗೆ ಬರಬೇಕು. ಅದು ಬಂದರೆ ಆಲ್ಟರ್ನೇಟರ್ ದುಡೀತಿದೆ, ಬ್ಯಾಟರಿ ಕಡೆ ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದಿದು ಆರಿಹೋಗುತ್ತೆ, ಬಲ್ಬುಗಳು ಸುಡ್ತಾ ಇರುತ್ತೆ. ಸ್ಟಾರ್ಟ್ ಮಾಡಿದ ಮೇಲೂ 12ರ ಆಸುಪಾಸಲ್ಲೇ ಇದ್ದು ಇಳೀತಾ ಹೋದರೆ ಚಾರ್ಜೇ ಇಲ್ಲ.

ನನ್ನದು ನಿಂತಾಗ 12.4, ಸ್ಟಾರ್ಟ್ ಆದ ಮೇಲೆ 12.1. ಚಾರ್ಜಿಲ್ಲ.

ಹಾಗಂತ ತಕ್ಷಣ ಬಿಚ್ಚಲಿಲ್ಲ. ಮೊದಲು ಬೆಲ್ಟು. ನಾವು ಫ್ಯಾನ್ ಬೆಲ್ಟು ಅಂತೀವಲ್ಲ, ಓಮ್ನಿಯಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತೆ. ಹೆಬ್ಬೆರಳಲ್ಲಿ ಮಧ್ಯದಲ್ಲಿ ಜೋರಾಗಿ ಒತ್ತಿದರೆ ಅರ್ಧ ಇಂಚಿಗಿಂತ ಕಮ್ಮಿ ಬಗ್ಗಬೇಕು. ಒಳಗಿನ ಮೈ ಗಾಜಿನ ಥರ ಹೊಳೀತಿದ್ದರೆ ಜಾರ್ತಿದೆ ಅಂತ. ಕೆಂಪು ಲೈಟು ಹತ್ತಿ, ಜೊತೆಗೆ ಎಂಜಿನ್ ಬಿಸಿನೂ ಏರಿತು ಅಂದ್ರೆ ಬೆಲ್ಟು ಕಿತ್ತಿದೆ, ಇನ್ನು ನೂರು ಮಾರೂ ಓಡಿಸಬೇಡಿ, ಹೆಡ್ಡು ಬಗ್ಗುತ್ತೆ. ನನ್ನ ಬೆಲ್ಟು ಸರಿಯಿತ್ತು. ಆಮೇಲೆ ಫ್ಯೂಸು. ಆಮೇಲೆ ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಕೆಂಪು ಲೈಟು ನೋಡಿದೆ. ಅದು ಆಗ ಹತ್ತಲೇಬೇಕು. ಹತ್ತದಿದ್ದರೆ ಬಲ್ಬೋ ವೈರೋ ಹೋಗಿದೆ, ಎಷ್ಟೋ ಆಲ್ಟರ್ನೇಟರುಗಳು ಆ ಬಲ್ಬಿನ ಮೂಲಕ ಬರೋ ಸಣ್ಣ ಕರೆಂಟು ಸಿಗದೆ ಎದ್ದೇಳೋದೇ ಇಲ್ಲ. ಒಂದು ಬಲ್ಬಿಗೆ ಆಲ್ಟರ್ನೇಟರ್ ಬದಲಾಯಿಸಿದವರು ನಮ್ಮ ಸುತ್ತಮುತ್ತ ಇದ್ದಾರೆ, ಹೆಸರು ಬೇಡ. ನನ್ನದು ಹತ್ತಿತು, ಸ್ಟಾರ್ಟ್ ಆದ ಮೇಲೂ ಆರಲಿಲ್ಲ.

ಆಮೇಲೆ ಮೀಟರಿನ ಕೆಂಪು ಕಡ್ಡೀನ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ ಇಟ್ಟೆ. ಅದನ್ನ ಬಿ ಬೋಲ್ಟು ಅಂತಾರೆ, ಬ್ಯಾಟರಿಗೆ ಹೋಗೋ ದಪ್ಪ ವೈರು ಹೊರಡೋದು ಅಲ್ಲಿಂದ. ಅಲ್ಲಿ 14 ಇದ್ದು ಬ್ಯಾಟರಿಯಲ್ಲಿ 12 ಇದ್ದರೆ ಆಲ್ಟರ್ನೇಟರ್ ನಿರಪರಾಧಿ, ಮಧ್ಯೆ ವೈರು ತಿಂತಿದೆ ಅಂತ ಅರ್ಥ. ಬೋರಿಂದ ನೀರು ಬಂದು ತೊಟ್ಟಿಗೆ ಬರಲಿಲ್ಲ ಅಂದ್ರೆ ಪೈಪು ನೋಡ್ತೀವೋ ಬೋರು ಎತ್ತಿಸ್ತೀವೋ? ನನ್ನದರಲ್ಲಿ ಅಲ್ಲೂ 12.1. ಹಾಗಾದರೆ ದೋಷ ಒಳಗೇ ಇದೆ.

ಒಳಗೆ ಎಲ್ಲಿ? ಇದಕ್ಕೆ ಮೀಟರೂ ಬೇಡ. ಎಂಜಿನ್ ಆಫ್ ಇರಬೇಕು, ಕೀ ಆನ್ ಇರಬೇಕು. ಒಂದು ಸಣ್ಣ ಸ್ಪ್ಯಾನರನ್ನ ಆಲ್ಟರ್ನೇಟರ್ ಹಿಂಭಾಗದ ಬೇರಿಂಗ್ ಹತ್ತಿರ ಹಿಡಿಯಿರಿ. ಒಳಗಿನ ರೋಟರಿಗೆ ಕರೆಂಟು ಹೋಗ್ತಿದ್ದರೆ ಅದು ಅಯಸ್ಕಾಂತ ಆಗಿ ಸ್ಪ್ಯಾನರನ್ನ ಎಳೆಯುತ್ತೆ. ನನ್ನದು ಎಳೀಲಿಲ್ಲ. ಆಮೇಲೆ ಎಂಜಿನ್ ಓಡ್ತಿರೋವಾಗ, ಮಗನ ಕೈಗೆ ಮೀಟರು ಕೊಟ್ಟು, ಬೆಲ್ಟಿಗೆ ತಾಗದ ಹಾಗೆ ಕುಡುಗೋಲಿನ ಮರದ ಹಿಡಿಯಿಂದ ಆಲ್ಟರ್ನೇಟರ್ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿದೆ. ಮಗ ಕೂಗಿದ, 'ಅಪ್ಪಾ, 13.9!' ಎರಡು ಕ್ಷಣ ಅಷ್ಟೆ. ಮತ್ತೆ 12.1. ನಂಗೆ ಅಷ್ಟು ಸಾಕಾಗಿತ್ತು. ತಟ್ಟಿದರೆ ಬರುತ್ತೆ, ಬಿಟ್ಟರೆ ಹೋಗುತ್ತೆ ಅಂದ್ರೆ ಕಾರ್ಬನ್ ಬ್ರಷ್ ಸವೆದು ರಿಂಗಿಗೆ ಮುಟ್ತಿಲ್ಲ. ಗುಂಡಿಗೆ ಬಿದ್ದಾಗ ಲೈಟು ಮಿಣುಕ್ತಿದ್ದಿದ್ದು ಇದೇ.

ಬಿಚ್ಚೋಕೆ ಹೆಚ್ಚು ಕಷ್ಟ ಇಲ್ಲ. ಓಮ್ನಿ ಎಂಜಿನ್ ಮುಂದಿನ ಸೀಟಿನ ಕೆಳಗೆ ತಾನೆ, ಸೀಟು ಎತ್ತಿ ಕೈ ಹಾಕಬೇಕು, ಸ್ವಲ್ಪ ಕೆಲಸ ಕೆಳಗೆ ಮಲಗಿ. ಒಂದೇ ಮಾತು ಮರೀಬೇಡಿ: ಎಂಜಿನ್ ಆಫ್ ಮಾಡಿ, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಆ ಬಿ ಬೋಲ್ಟಿನಲ್ಲಿ ಕೀ ತೆಗೆದಿದ್ದರೂ ಬ್ಯಾಟರಿ ಕರೆಂಟು ಇದ್ದೇ ಇರುತ್ತೆ. ಸ್ಪ್ಯಾನರು ಬಾಡಿಗೆ ತಾಗಿದರೆ ವೆಲ್ಡಿಂಗ್ ಆಗುತ್ತೆ, ಕೈ ಸುಟ್ಟುಕೊಳ್ತೀರಿ. ಆಮೇಲೆ ವೈರು ಎಲ್ಲೆಲ್ಲಿ ಇದೆ ಅಂತ ಮೊಬೈಲಲ್ಲಿ ಒಂದು ಫೋಟೋ. ಹತ್ತು, ಹನ್ನೆರಡು, ಹದಿನಾಲ್ಕರ ಸ್ಪ್ಯಾನರು ಇದ್ದರೆ ಆಯ್ತು. ಬಿ ಬೋಲ್ಟಿನ ನಟ್ಟು ಬಿಚ್ಚಿ, ಪಕ್ಕದ ಕಪ್ಲರನ್ನ ಕ್ಲಿಪ್ ಒತ್ತಿ ಎಳೀಬೇಕು, ವೈರು ಹಿಡಿದು ಎಳೆದರೆ ಪಿನ್ನು ಕಿತ್ತು ಬರುತ್ತೆ. ಮೇಲಿನ ಪಟ್ಟಿಯ ಅಡ್ಜಸ್ಟ್ ಬೋಲ್ಟು ಸಡಿಲ ಮಾಡಿ, ಉದ್ದದ ಬೋಲ್ಟು ಸಡಿಲ ಮಾಡಿ, ಆಲ್ಟರ್ನೇಟರನ್ನ ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟು ತಾನಾಗಿ ಕಳಚುತ್ತೆ. ಆಮೇಲೆ ಎರಡೂ ಬೋಲ್ಟು ತೆಗೀವಾಗ ಕೆಳಗೆ ಕೈ ಕೊಟ್ಟಿರಿ, ಭಾರ ಇದೆ. ನನ್ನ ಉದ್ದದ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಡೀಸೆಲ್ ಬಿಟ್ಟು, ಊಟ ಮುಗಿಸಿ ಬಂದು ಬಿಚ್ಚಿದೆ. ಊಟ ಬಿಟ್ಟು ನಲವತ್ತು ನಿಮಿಷದ ಕೆಲಸ.

ಹಿಂದಿನ ಮುಚ್ಚಳ ತೆಗೆದು ನೋಡಿದರೆ ಎರಡರಲ್ಲಿ ಒಂದು ಬ್ರಷ್ ಮೂರು ಮಿಲಿಮೀಟರಿನಷ್ಟು ಉಳಿದಿತ್ತು. ಐದಕ್ಕಿಂತ ಕಮ್ಮಿ ಆದರೆ ಬದಲಾಯಿಸಲೇಬೇಕು. ಒಳಗೆ ನಮ್ಮ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಇದಕ್ಕೆ ಕಾರಣ ಯಾರು? ನಾನೇ. ಔಷಧಿ ಹೊಡೆಯೋ ಪಂಪಿನ ಗನ್ನಲ್ಲಿ ಎಂಜಿನ್ನಿಗೆಲ್ಲ ನೀರು ಹೊಡೆದು ತೊಳೀತಿದ್ದೆ, ಭಾರಿ ಶುದ್ಧ ಅಂತ. ನೀರಿನ ಜೊತೆ ಮಣ್ಣು ಒಳಗೆ ಹೋಗಿ ಮರಳು ಕಾಗದದ ಥರ ಬ್ರಷ್ ತಿಂದಿದೆ. ಇನ್ಮೇಲೆ ಎಂಜಿನ್ನಿಗೆ ಗಾಳಿ ಮಾತ್ರ.

ಬ್ರಷ್ ಕೂರೋ ತಾಮ್ರದ ರಿಂಗು ಎರಡಿರುತ್ತೆ. ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಮೀಟರನ್ನ ಓಮ್ಸಿಗೆ ಹಾಕಿ ಒಂದು ರಿಂಗಿಂದ ಇನ್ನೊಂದಕ್ಕೆ ನೋಡಿದೆ, ಸುಮಾರು 3 ಓಮ್ಸ್. ಸರಿ ಇದೆ ಅಂತ. ರಿಂಗಿಂದ ಶಾಫ್ಟಿಗೆ ಏನೂ ತೋರಿಸಬಾರದು, ತೋರಿಸಲಿಲ್ಲ. ತೋರಿಸಿದ್ದರೆ ಅರ್ಥ್ ಆಗಿದೆ ಅಂತ, ನಮ್ಮ ಮೋಟರು ಬಾಡಿಗೆ ಕರೆಂಟು ಹೊಡೆಯೋದು ಹೇಗೋ ಹಾಗೆ.

ಇಲ್ಲಿ ಒಂದು ಮಾತು ಹೇಳ್ಬೇಕು. ಆಲ್ಟರ್ನೇಟರ್ ಒಳಗಿರೋದು ತ್ರೀ ಫೇಸ್ ಕಣ್ರಪ್ಪ! ನಮ್ಮ ಬೋರಿನ ಮೋಟರು ಕರೆಂಟು ತಿಂದು ತಿರುಗುತ್ತೆ, ಇದು ತಿರುಗಿ ಕರೆಂಟು ಕೊಡುತ್ತೆ, ಅಷ್ಟೇ ವ್ಯತ್ಯಾಸ. ಮೂರು ಫೇಸಿನ ಎಸಿಯನ್ನ ಆರು ಡಯೋಡು ಸೇರಿ ಡಿಸಿ ಮಾಡ್ತವೆ. ಒಂದು ಡಯೋಡು ಹೋದರೆ ನಮಗೆ ಒಂದು ಫೇಸು ಹೋದ ಹಾಗೆ, ಶಕ್ತಿ ಕಮ್ಮಿ, ಒಂದು ಥರ ಗೊರ್ ಅಂತ ಸದ್ದು. ಇನ್ನೊಂದು ಥರ ಕೆಡುತ್ತೆ: ಡಯೋಡು ಲೀಕ್ ಆಗಿ ರಾತ್ರಿಯೆಲ್ಲ ಬ್ಯಾಟರೀನ ಹಿಂದಕ್ಕೆ ಹೀರುತ್ತೆ, ಫುಟ್‌ವಾಲ್ವ್ ಸೋರಿ ರಾತ್ರಿಯೆಲ್ಲ ಪೈಪಿನ ನೀರು ಬಾವಿಗೆ ಇಳಿದ ಹಾಗೆ. ಪಕ್ಕದೂರಿನ ಒಬ್ಬರದು ಹೀಗೇ ಆಗಿತ್ತು. ದಿನಾ ಬೆಳಗ್ಗೆ ತಳ್ಳಬೇಕು, ಓಡೋವಾಗ ಎಲ್ಲ ಚೆನ್ನಾಗಿರುತ್ತೆ. ಎರಡು ಬ್ಯಾಟರಿ ಬದಲಾಯಿಸಿದ್ದರು. ಒಂದು ರಾತ್ರಿ ಆ ಬಿ ಬೋಲ್ಟಿನ ವೈರು ಬಿಚ್ಚಿ, ತುದಿಗೆ ಟೇಪು ಸುತ್ತಿ ಬಿಡಿ ಅಂದೆ. ಬೆಳಗ್ಗೆ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಡಯೋಡು ಪ್ಲೇಟು ಹಾಕಿಸಿದರು, ಮುಗೀತು. ವೈರು ಬಿಚ್ಚೋಕೆ ಕೂಲಿ ಎಷ್ಟು?

ಮೂರು ಫೇಸಿನ ಸ್ಟಾರ್ಟರಿನ ಕಾಂಟ್ಯಾಕ್ಟು ಉಜ್ಜೋಕೆ ಬರುತ್ತೆ, ಕೆಪಾಸಿಟರ್ ಬದಲಾಯಿಸೋಕೆ ಬರುತ್ತೆ, ರಾತ್ರಿ ಎರಡಕ್ಕೆ ಫ್ಯೂಸು ಹಾಕೋಕೆ ಬರುತ್ತೆ. 440 ವೋಲ್ಟಿಗೆ ಹೆದರದ ನಾವು 12 ವೋಲ್ಟಿನ ಮುಂದೆ 'ಅದೆಲ್ಲ ನಮಗೆ ಗೊತ್ತಾಗಲ್ಲಪ್ಪ' ಅಂತ ಕೈ ಕಟ್ಟಿ ನಿಲ್ತೀವಲ್ಲ, ಇದು ಎಂಥ ವಿನಯ? ನಾನೂ ಎಸ್ಸೆಸ್ಸೆಲ್ಸಿ ಓದಿದವನೇ, ವಿಜ್ಞಾನದಲ್ಲಿ ನಲವತ್ತೆರಡು.

ಮುಂದಕ್ಕೆ. ಬೇರಿಂಗು ಕೈಯಲ್ಲಿ ತಿರುಗಿಸಿದರೆ ಹಿಂದಿನದು ಜರಜರ ಅಂತಿತ್ತು. ಬೇರಿಂಗ್ ಎಳೆಯೋ ಪುಲ್ಲರು ನನ್ನ ಹತ್ತಿರ ಇಲ್ಲ, ಬ್ರಷ್ ವೈರಿಗೆ ಬೆಸುಗೆ ಹಾಕೋಕೂ ಬರಲ್ಲ. ಆ ಕೆಲಸ ಬಲ್ಲವರಿಗೇ ಬಿಡಬೇಕು. ಪಟ್ಟಣದಲ್ಲಿ ಮೋಟರು ರಿವೈಂಡಿಂಗ್ ಮಾಡೋ ಹಿರಿಯರೊಬ್ಬರಿದ್ದಾರೆ, ಅವರ ಹತ್ತಿರ ತಗೊಂಡು ಹೋದೆ. ಡಯೋಡನ್ನೂ ಒಂದೊಂದಾಗಿ ನನ್ನ ಎದುರೇ ಮೀಟರಲ್ಲಿ ತೋರಿಸಿದರು: ಒಂದು ಕಡೆಯಿಂದ ಅರ್ಧ ವೋಲ್ಟಿನಷ್ಟು, ತಿರುಗಿಸಿ ಇಟ್ಟರೆ ಏನೂ ಇಲ್ಲ. ಆರೂ ಸರಿ. ಬ್ರಷ್ 120, ಬೇರಿಂಗ್ ಎರಡೂ ಸೇರಿ 380, ಕೂಲಿ 250. ಒಟ್ಟು 750. ಸವೆದ ಬ್ರಷ್ಷು, ಹಳೇ ಬೇರಿಂಗು ಎಲ್ಲ ಪೇಪರಲ್ಲಿ ಕಟ್ಟಿ ಕೊಟ್ಟರು, ನಾನು ಕೇಳೋಕೆ ಮುಂಚೇನೇ. ಹೇಗಿದೆ ವ್ಯಾಪಾರ ಅಂದೆ. 'ಯಾರು ಬಿಚ್ಚಿಸ್ತಾರೆ ಈಗ, ಎಲ್ಲ ಡಬ್ಬಿ ಡಬ್ಬಿ ಬದಲಾಯಿಸ್ತಾರೆ' ಅಂದರು. ಕೆಲಸ ಕಲಿಯೋಕೆ ಒಬ್ಬ ಹುಡುಗನೂ ಇಲ್ಲ ಅವರ ಹತ್ತಿರ.

ಕಟ್ಟೆ ಮೇಲೆ ಈ ಕಥೆ ಹೇಳಿದಾಗ ಒಬ್ಬರು, 'ನೀನು ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತಿದ್ದೀಯ' ಅಂದರು. ಇಲ್ಲ. ಬಿಚ್ಚಿ, ನೋಡಿ, ರಿಪೇರಿ ಮಾಡೋ ಕೈಗೆ ಕೂಲಿ ಕೊಡೋಣ ಅಂತಲೇ ನಾನು ಹೇಳ್ತಿರೋದು. 250ರ ಬದಲು 500 ಕೇಳಿದ್ದರೂ ಕೊಡ್ತಿದ್ದೆ. ಡಬ್ಬಿ ಮಾರೋವನಿಗೆ ಸಿಗೋದು ಕೂಲಿ ಅಲ್ಲ, ಕಮಿಷನ್ನು. ಮತ್ತೆ ನಾವು ಸ್ಕ್ರ್ಯಾಪು ಅಂತ ಬಿಟ್ಟು ಬರೋ ಆಲ್ಟರ್ನೇಟರ್ ಏನಾಗುತ್ತೆ ಅಂದುಕೊಂಡಿದ್ದೀರಿ? ಅದಕ್ಕೆ ಇದೇ 120ರ ಬ್ರಷ್ ಹಾಕಿ, ಮೇಲೆ ಬೆಳ್ಳಿ ಬಣ್ಣ ಹೊಡೆದು, 'ರೀಕಂಡಿಷನ್' ಅಂತ ಮೂರು ಸಾವಿರಕ್ಕೆ ಇನ್ನೊಬ್ಬನಿಗೆ ಕೂರಿಸೋರಿದ್ದಾರೆ. ಎಲ್ಲರೂ ಹಾಗೆ ಅಂತಲ್ಲ. ಆದರೆ ಹಳೇ ಸಾಮಾನು ನಮ್ಮದು, ದುಡ್ಡು ಕೊಟ್ಟು ಕೊಂಡಿದ್ದು. ಕೊಡಿ ಅಂತ ಬಾಯಿ ಬಿಟ್ಟು ಕೇಳಬೇಕು. ಕೇಳಿದಾಗ ಎದುರಿನವನ ಮುಖ ಹೇಗಾಗುತ್ತೆ ಅಂತ ನೋಡಿ, ಅದರಲ್ಲೇ ಅರ್ಧ ಗೊತ್ತಾಗುತ್ತೆ.

ಇನ್ನೊಬ್ಬರು ಅಂದರು, 'ಟೈಮೆಲ್ಲಿದೆ? ಹೊಸದು ಹಾಕಿಸಿದರೆ ಗ್ಯಾರಂಟಿ, ನಿಶ್ಚಿಂತೆ.' ಇದಕ್ಕೆ ಉತ್ತರ ನನ್ನ ಗಾಡೀನೇ ಕೊಟ್ಟಿತು. ರಿಪೇರಿ ಆದ ಆಲ್ಟರ್ನೇಟರ್ ಕೂರಿಸಿ, ಬೆಲ್ಟು ಎಳೆದು, ಸ್ಟಾರ್ಟ್ ಮಾಡಿ, ಹೆಡ್‌ಲೈಟು ಹಾಕಿ ಅಳೆದೆ. ಬಿ ಬೋಲ್ಟಿನಲ್ಲಿ 14.2. ಭೇಷ್ ಅಂದುಕೊಂಡು ಬ್ಯಾಟರಿಗೆ ಇಟ್ಟರೆ 13.3. ಮಧ್ಯೆ 0.9 ವೋಲ್ಟ್ ಎಲ್ಲಿ ಹೋಯ್ತು? ಮೀಟರಿನ ಒಂದು ಕಡ್ಡಿ ಬಿ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಇಟ್ಟೆ. ಅಲ್ಲಿ 0.3ಕ್ಕಿಂತ ಜಾಸ್ತಿ ಇರಬಾರದು. ನನ್ನದರಲ್ಲಿ ಹೆಚ್ಚುಕಮ್ಮಿ ಪೂರ್ತಿ 0.9 ಅಲ್ಲೇ ಕೂತಿತ್ತು. ವೈರು ಹಿಡಿದುಕೊಂಡು ಹೋದರೆ ತುದಿಯ ಲಗ್ಗು ಹಸಿರು ಪಾಚಿ ಹಿಡಿದು, ಒಳಗೆ ತಾಮ್ರದ ಎಳೆ ಅರ್ಧ ಉದುರಿತ್ತು. ಕತ್ತರಿಸಿ ಹೊಸ ಲಗ್ಗು ಒತ್ತಿಸಿದೆ, ಇಪ್ಪತ್ತು ರೂಪಾಯಿ. ಬ್ಯಾಟರಿಯಲ್ಲಿ 14.0 ಬಂತು. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೂ ಹಾಗೇ ನೋಡಿ, ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಅಲ್ಲೂ ತಿನ್ನುತ್ತೆ.

ಈಗ ಹೇಳಿ. ಆ ದಿನ 6,500 ಕೊಟ್ಟು ಹೊಸದು ಹಾಕಿಸಿದ್ದರೆ ಈ ವೈರು ಹಾಗೇ ಇರ್ತಿತ್ತು. ಬ್ಯಾಟರಿ ಯಾವತ್ತೂ ಪೂರ್ತಿ ತುಂಬ್ತಿರಲಿಲ್ಲ. ಆರು ತಿಂಗಳು ಕಳೆದು ಮತ್ತೆ ಹೋದರೆ, 'ಬ್ಯಾಟರಿ ಹೋಯ್ತು ಸಾರ್' ಅಂತ ಮೊದಲಿನ ಅಂಗಡಿಗೇ ಹೋಗ್ತಿದ್ದೆ. ಗ್ಯಾರಂಟಿ ಕಾರ್ಡು ಇಟ್ಟುಕೊಂಡು ಏನು ಮಾಡೋದು, ನಮ್ಮ ವೈರಿಗೆ ಯಾರು ಗ್ಯಾರಂಟಿ ಕೊಟ್ಟಿದ್ದಾರೆ?

ಇನ್ನೊಂದು ವಿಷಯ. ಸತ್ತ ಬ್ಯಾಟರಿಗೆ ಹೊಸ ಆಲ್ಟರ್ನೇಟರ್ ಹಾಕಿ, ತಳ್ಳಿ ಸ್ಟಾರ್ಟ್ ಮಾಡಿ ನೇರ ಮಂಡಿಗೆ ಓಡಿಸೋರಿದ್ದಾರೆ. ಖಾಲಿ ಬ್ಯಾಟರಿ ತುಂಬಿಸೋಕೆ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಹಾಕಿ ಬಿಸಿ ಏರುತ್ತೆ, ಡಯೋಡು ಸುಡುತ್ತೆ. ಮೊದಲು ಬ್ಯಾಟರೀನ ಚಾರ್ಜರಿಗೆ ಹಾಕಿ ತುಂಬಿಸಿ, ಆಮೇಲೆ ಗಾಡಿಗೆ.

ಬದಲಾಯಿಸಲೇಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಒಳಗಿನ ವೈಂಡಿಂಗು ಕರಿ ಹೊಡೆದು ಸುಟ್ಟ ವಾಸನೆ ಬರ್ತಿದ್ದರೆ, ರೋಟರು ಅರ್ಥ್ ಆಗಿದ್ದರೆ, ಬೋಲ್ಟು ಕೂರೋ ಕಿವಿ ಮುರಿದಿದ್ದರೆ, ರಿಂಗು ಪೂರ್ತಿ ಸವೆದಿದ್ದರೆ ಲೆಕ್ಕ ಹಾಕಿ ನೋಡಿ, ಹೊಸದೇ ಮೇಲಾಗಬಹುದು. ಆಗ ಹಾಕಿಸಿ, ಬೇಜಾರಿಲ್ಲ. ಅಳೆದು ನೋಡಿ ಕೊಟ್ಟ ದುಡ್ಡಿಗೆ ಹೊಟ್ಟೆ ಉರಿಯಲ್ಲ.

ನನ್ನ ಸವೆದ ಬ್ರಷ್ ಜೋಡಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೀನಿ. ಮೀಟರು ಈಗ ಮನೆಯಲ್ಲಿಲ್ಲ, ಗಾಡಿಯಲ್ಲೇ ಇರುತ್ತೆ. ಡ್ರಿಪ್ಪಿನ ಟೈಮರಿಗೆ ಇನ್ನೊಂದು ತಗೊಳ್ಳಪ್ಪ ಅಂತ ಮಗನಿಗೆ ಹೇಳಿದ್ದೀನಿ. ಬರೋ ಭಾನುವಾರ ಬೆಳಗ್ಗೆ ಹಾಲು ಹಾಕಿ ಬಂದ ಮೇಲೆ ಬೆಲ್ಟು ಬದಲಾಯಿಸ್ತೀನಿ, ಬೆಲ್ಟೂ ಹಳೇದಾಗಿದೆ. ಹಳೇ ಗಾಡಿ ಇಟ್ಟುಕೊಂಡಿರೋರು ಬಂದರೆ ನಿಮ್ಮ ಗಾಡೀದೂ ಅಳೆದು ನೋಡೋಣ, ಐದು ನಿಮಿಷದ ಕೆಲಸ. ಹನ್ನೆರಡರ ಸ್ಪ್ಯಾನರು ಮಾತ್ರ ನೀವೇ ತನ್ನಿ. ನನ್ನದನ್ನ ಹೋದ ತಿಂಗಳು ತಗೊಂಡು ಹೋದವರು ಇನ್ನೂ ಕೊಟ್ಟಿಲ್ಲ, ಅವರು ಇದನ್ನ ಓದ್ತಾರೆ ಅಂತ ಗೊತ್ತು.